ಆಟಿಯ ಮಳೆಗೆ ತಕ್ಕ ಮೆಷಿನ್: ಕರಾವಳಿಯ ಮನೆಗೆ ಫ್ರಂಟ್ ಲೋಡ್ ಆರಿಸುವ ಬಗೆ

ಕಲ್ಯಾಣಪುರದ ನಮ್ಮ ಹಳೆ ಮನೆಯ ಬಚ್ಚಲಿನಲ್ಲಿ ಹಂಡೆ ಒಲೆಯ ಮೇಲೆ ಒಂದು ಬಿದಿರಿನ ಗಳ ಕಟ್ಟಿತ್ತು. ಜೂನ್ ಬಂತೆಂದರೆ ಒಗೆದ ಬಟ್ಟೆಯೆಲ್ಲ ಆ ಗಳದ ಮೇಲೆಯೇ. ಶಾಲೆಗೆ ಹಾಕಿಕೊಂಡು ಹೋಗುವ ಅಂಗಿಗೆ ತೆಂಗಿನ ಸಿಪ್ಪೆಯ ಹೊಗೆ ವಾಸನೆ. ತರಗತಿಯಲ್ಲಿ ಅರ್ಧ ಮಕ್ಕಳ ಅಂಗಿಗೂ ಅದೇ ವಾಸನೆ ಇದ್ದುದರಿಂದ ಯಾರೂ ಯಾರಿಗೂ ತಮಾಷೆ ಮಾಡುತ್ತಿರಲಿಲ್ಲ. ಈಗ ಹಂಡೆ ಹೋಗಿ ಗೀಸರ್ ಬಂದಿದೆ, ಗಳವೂ ಹೋಗಿದೆ. ಮಳೆ ಮಾತ್ರ ಹಾಗೆಯೇ ಉಂಟು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಚಾವಡಿಯ ಹಗ್ಗದ ಮೇಲೆ ಮೂರು ದಿನ ನೇತಾಡಿದ ಬೈರಾಸನ್ನು (ತೆಳು ಟವೆಲ್) ಮೂಗಿಗೆ ಹಿಡಿದು ನೋಡಿ ಮತ್ತೆ ಬಕೆಟ್‌ಗೆ ಹಾಕದವರು ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಕಡಿಮೆ.

ಆದರೆ ವಾಷಿಂಗ್ ಮೆಷಿನ್ ಕೊಳ್ಳಲು ನಾವು ಹೋಗುವುದು ದೀಪಾವಳಿ ಆಫರ್‌ಗೆ. ಹೊರಗೆ ಒಳ್ಳೆಯ ಬಿಸಿಲು, ಅಂಗಡಿಯೊಳಗೆ ಎಸಿ. "ಕೊಳೆ ಸರಿ ಹೋಗ್ತದಾ?" ಎಂದು ಕೇಳುತ್ತೇವೆ. "ಹೋಗ್ತದೆ ಮೇಡಂ" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ, ಈಗ ಬರುವ ಹೆಚ್ಚುಕಡಿಮೆ ಎಲ್ಲ ಫ್ರಂಟ್ ಲೋಡ್‌ಗಳೂ ಬಟ್ಟೆಯನ್ನು ಚೆನ್ನಾಗಿಯೇ ಒಗೆಯುತ್ತವೆ. ಎಷ್ಟು ಚೆನ್ನಾಗಿ ಹಿಂಡುತ್ತದೆ, ನಮ್ಮ ನೀರಿಗೆ ಮತ್ತು ಉಪ್ಪುಗಾಳಿಗೆ ಎಷ್ಟು ವರ್ಷ ತಡೆಯುತ್ತದೆ ಎಂದು ಕೇಳುವವರು ಕಡಿಮೆ. ಮನೆಯಲ್ಲಿ ಒಂದು, ನೆಂಟರಿಷ್ಟರಿಗಾಗಿ ನಾಲ್ಕೈದು ಮೆಷಿನ್ ಆರಿಸಿಕೊಟ್ಟ ಅನುಭವದಲ್ಲಿ, ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಅಂಗಡಿಗೆ ಹೋಗುವ ಮೊದಲು: ನಿಮಗೆ ಫ್ರಂಟ್ ಲೋಡ್ ಬೇಕೇ?

ಡ್ರಮ್ ಅಡ್ಡಲಾಗಿರುವುದರಿಂದ ಇದರಲ್ಲಿ ಬಟ್ಟೆ ಪೂರ್ತಿ ಮುಳುಗಬೇಕಿಲ್ಲ. ಅಡಿಯಲ್ಲಿರುವ ಸ್ವಲ್ಪ ನೀರಿನಲ್ಲಿ ಅದ್ದಿ, ಮೇಲಕ್ಕೆ ಹೋಗಿ, ಧೊಪ್ಪೆಂದು ಬೀಳುತ್ತದೆ. ಒಗೆಯುವ ಕಲ್ಲಿನ ಮೇಲೆ ಅಮ್ಮ ಬಟ್ಟೆ ಬಡಿಯುತ್ತಿದ್ದ ಲೆಕ್ಕವೇ. ಹಾಗಾಗಿ ಟಾಪ್ ಲೋಡ್‌ಗೆ ಬೇಕಾಗುವ ನೀರಿನ ಅರ್ಧದಷ್ಟರಲ್ಲಿ ಕೆಲಸ ಮುಗಿಯುತ್ತದೆ. 7 ಕೆಜಿಯ ಮೆಷಿನ್ ಒಂದು ಸರ್ತಿಗೆ ಐವತ್ತು-ಅರವತ್ತು ಲೀಟರ್ ಕುಡಿಯಬಹುದು. ಮಳೆನಾಡಿನವರಿಗೆ ನೀರಿನ ಲೆಕ್ಕ ಯಾಕೆ ಎನ್ನಬೇಡಿ. 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರಿಳಿದು ಮಂಗಳೂರಿಗೆ ರೇಷನ್ ಮಾಡಿ ನೀರು ಬಿಟ್ಟದ್ದು ನೆನಪಿದ್ದವರಿಗೆ ಗೊತ್ತು. ಬಜೆ ಅಣೆಕಟ್ಟು ತಳ ಕಂಡರೆ ಉಡುಪಿಗೂ ಅದೇ ಪಾಡು.

ಎಲ್ಲರಿಗೂ ಇದು ಹೊಂದುತ್ತದೆ ಎಂದೂ ಹೇಳುವುದಿಲ್ಲ. ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುವ ಮನೆ, ಕರೆಂಟ್ ಗಂಟೆಗೊಮ್ಮೆ ಹೋಗುವ ಊರು, ಎರಡು ಗಂಟೆ ಕಾಯುವ ತಾಳ್ಮೆ ಇಲ್ಲದವರು, ಇವರಿಗೆ ಸೆಮಿ ಆಟೋಮ್ಯಾಟಿಕ್ ಸಾಕು. ಬಕೆಟ್‌ನಲ್ಲಿ ನೀರು ಹೊಯ್ದರೂ ಅದು ನಡೆಯುತ್ತದೆ.

ಹೆಜ್ಜೆ 1: ಟೇಪು ಹಿಡಿದು ಜಾಗ ನೋಡಿ

ಫ್ರಂಟ್ ಲೋಡ್‌ನ ಅಗಲ ಸಾಮಾನ್ಯವಾಗಿ 60 ಸೆಂಟಿಮೀಟರ್, ಎತ್ತರ 85. ಬದಲಾಗುವುದು ಆಳ: 6 ಕೆಜಿಯದ್ದು 45ರ ಆಸುಪಾಸು, 8-9 ಕೆಜಿಯದ್ದು 55ರಿಂದ 60. ಹಿಂದಿನ ಪೈಪಿಗೆ ಇನ್ನೊಂದು 10 ಸೆಂಟಿಮೀಟರ್ ಸೇರಿಸಿ. ಹಳೆ ಮನೆಗಳ ಬಚ್ಚಲಿನ ಬಾಗಿಲು ಎಷ್ಟು ಕಿರಿದು ಎಂಬುದು ಪೆಟ್ಟಿಗೆ ಹೊಸ್ತಿಲಿಗೆ ಬಂದು ನಿಂತ ಮೇಲೆಯೇ ಗೊತ್ತಾಗುತ್ತದೆ.

ನೆಲ ಗಟ್ಟಿ ಇರಬೇಕು. ಅಲುಗಾಡದಿರಲೆಂದು ಒಳಗೆ ಕಾಂಕ್ರೀಟ್ ತುಂಡು ಕೂರಿಸಿರುತ್ತಾರೆ, ಹಾಗಾಗಿ ಮೆಷಿನ್ 60-75 ಕೆಜಿ ತೂಗುತ್ತದೆ. ಹಿತ್ತಿಲಿನ ತೆರೆದ ಕಟ್ಟೆಯಲ್ಲಿ, ಶೀಟಿನ ಮಾಡಿನ ಕೆಳಗೆ ಇಡುವ ಯೋಚನೆ ಇದ್ದರೆ ಬಿಡಿ. ಇರಚಲು ಹೊಡೆದರೆ ಎರಡೇ ಮಳೆಗಾಲಕ್ಕೆ ತಳದ ತಗಡು ಕೆಂಪಾಗುತ್ತದೆ. ಬಚ್ಚಲಿನೊಳಗೆ ಇಡುವುದಾದರೂ ಮೀಯುವ ನೀರು ಹಾರದ ಮೂಲೆ ಬೇಕು.

ಪ್ಲಗ್ ಪಾಯಿಂಟ್ 16 ಆಂಪಿಯರ್‌ನದ್ದೇ ಆಗಬೇಕು. ನೀರು ಬಿಸಿ ಮಾಡುವ ಹೀಟರ್ ಸುಮಾರು 2,000 ವಾಟ್. 230 ವೋಲ್ಟ್‌ನಲ್ಲಿ ಅದು ಒಂಬತ್ತು ಆಂಪಿಯರ್‌ನ ಹತ್ತಿರ ಎಳೆಯುತ್ತದೆ. ಮಿಕ್ಸಿಯ 6 ಆಂಪಿಯರ್ ಪಾಯಿಂಟ್‌ಗೆ ಎಕ್ಸ್‌ಟೆನ್ಶನ್ ಹಾಕಿ ಓಡಿಸಿದರೆ ಪ್ಲಗ್ ಕರಗುತ್ತದೆ. ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಬೇಸಗೆಗೆ ಅರ್ಥ್ ಗುಂಡಿ ಒಣಗಿ ಹೋಗುತ್ತದೆ, ಅದಕ್ಕೆ ಆಗಾಗ ನೀರು ಹೊಯ್ಯಬೇಕು. ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೆಷಿನ್‌ಗಿಂತ ಮೊದಲು ಅದನ್ನು ಹಾಕಿಸಿ. ನೀರು ಮತ್ತು ಕರೆಂಟ್ ಒಂದೇ ಪೆಟ್ಟಿಗೆಯಲ್ಲಿ ಇರುವ ವಿಷಯ ಇದು.

ಹೆಜ್ಜೆ 2: ನೀರನ್ನು ಪರೀಕ್ಷಿಸಿ

ಇದಕ್ಕೆ ಬಕೆಟ್ ಒಂದು ಇದ್ದರೆ ಸಾಕು, ಎರಡು ಪರೀಕ್ಷೆ ಮಾಡಬಹುದು.

ಮೊದಲನೆಯದು ಒತ್ತಡ. ಮೆಷಿನ್ ಇಡುವ ಜಾಗದ ನಲ್ಲಿಯಲ್ಲಿ 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಎರಡು ನಿಮಿಷ ದಾಟಿದರೆ ಮೆಷಿನ್ ಆಗಾಗ ನೀರಿಲ್ಲ ಎಂದು ಎರರ್ ತೋರಿಸಿ ನಿಲ್ಲುವ ಸಂಭವ ಉಂಟು. ಕಂಪನಿಗಳು ತಮ್ಮ ಕೈಪಿಡಿಯಲ್ಲಿ ಕನಿಷ್ಠ ಒತ್ತಡವನ್ನು ಬರೆದಿರುತ್ತವೆ. ಕೆಲವದ್ದು 0.3 ಬಾರ್, ಕೆಲವದ್ದು 0.5, ಇನ್ನು ಕೆಲವದ್ದು 1 ಬಾರ್. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಎಂದು ಲೆಕ್ಕ. ಒಂದೇ ಮಹಡಿಯ ಮನೆಯ ತಾರಸಿ ಮೇಲಿನ ಟ್ಯಾಂಕಿನಿಂದ ನೆಲದ ನಲ್ಲಿಗೆ ಮೂರೂವರೆ ಮೀಟರ್ ಸಿಕ್ಕರೆ ಒತ್ತಡ 0.35 ಬಾರ್ ಮಾತ್ರ. ಫ್ಲ್ಯಾಟ್‌ನ ಮೇಲಿನ ಮಹಡಿಯವರ ಕಥೆಯೂ ಇದೇ. ಅಂಥ ಮನೆಗೆ 1 ಬಾರ್ ಕೇಳುವ ಮಾಡೆಲ್ ತಂದರೆ ಜೊತೆಗೆ ಪ್ರೆಶರ್ ಪಂಪ್ ಕೂಡ ತರಬೇಕು, ಖರ್ಚಿಗೆ ಅದನ್ನೂ ಸೇರಿಸಿಕೊಳ್ಳಿ. ಈ ಒಂದು ಅಂಕಿಯನ್ನು ಅಂಗಡಿಯವರು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಎರಡನೆಯದು ಬಣ್ಣ. ಬಿಳಿ ಬಕೆಟ್‌ನಲ್ಲಿ ಬೋರ್‌ವೆಲ್ ಅಥವಾ ಬಾವಿಯ ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ಎಣ್ಣೆಯ ಹಾಗೆ ತೆಳ್ಳಗಿನ ಪರೆ, ತಳದಲ್ಲಿ ಕಿತ್ತಳೆ ಬಣ್ಣದ ಗಸಿ ಕಂಡರೆ ನೀರಿನಲ್ಲಿ ಕಬ್ಬಿಣ ಉಂಟು ಎಂದೇ ಅರ್ಥ. ಬಿಳಿ ಪಂಚೆ ವರ್ಷದೊಳಗೆ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗುವುದು ಇದರಿಂದಲೇ, ಮೆಷಿನ್‌ನ ತಪ್ಪಲ್ಲ. ಕಲೆ ಹೋಗಲೆಂದು ಬ್ಲೀಚ್ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಕ್ಲೋರಿನ್ ಬ್ಲೀಚ್ ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸಿ ಬಟ್ಟೆಗೇ ಅಂಟಿಸಿಬಿಡುತ್ತದೆ. ಇಂಥ ನೀರಿದ್ದರೆ ಟ್ಯಾಂಕಿನ ನಂತರ ಒಂದು ಐರನ್ ಫಿಲ್ಟರ್ ಬೇಕು, ಇಲ್ಲವೇ ಮೆಷಿನ್‌ಗೆ ಪಾಲಿಕೆ ಅಥವಾ ನಗರಸಭೆಯ ನೀರಿನ ನಲ್ಲಿಯನ್ನು ಕೊಡಿ. ಉಳ್ಳಾಲ, ಮಲ್ಪೆ ಕಡೆಯ ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್-ಮೇಯಲ್ಲಿ ನೀರು ಉಪ್ಪಾಗುವುದುಂಟು. ಆ ಎರಡು ತಿಂಗಳೂ ಮೆಷಿನ್‌ಗೆ ಪಾಲಿಕೆ ಅಥವಾ ನಗರಸಭೆಯ ನೀರನ್ನೇ ಕೊಡಿ. ಡ್ರಮ್ ಸ್ಟೀಲಿನದ್ದಾದರೂ ಅದನ್ನು ಹಿಂದಿನಿಂದ ಹಿಡಿದಿರುವ ಮೂರು ಕೈಯ ಭಾಗ ಸಾಮಾನ್ಯವಾಗಿ ಅಲ್ಯುಮಿನಿಯಮ್‌ನದ್ದು. ಉಪ್ಪು, ಸೋಪು ಎರಡೂ ಸೇರಿ ಅದನ್ನು ತಿನ್ನುತ್ತವೆ. ಅದು ಮುರಿದ ದಿನ ಮೆಷಿನ್ ಗುಜರಿಗೆ.

ನಮ್ಮ ನೀರಿನ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಮುರಕಲ್ಲಿನ ಸಿಹಿನೀರು ಬಯಲುಸೀಮೆಯ ನೀರಿನ ಹಾಗೆ ಗಡಸಲ್ಲ. ಹೀಟರ್‌ಗೆ ಸುಣ್ಣ ಕಟ್ಟುವ ತೊಂದರೆ ನಮಗೆ ಕಡಿಮೆ, ಸೋಪು ಕೂಡ ಕಡಿಮೆ ಸಾಕು. ಅಂಗಡಿಯವರು ನೀರಿನ ಗಡಸು ತೆಗೆಯುವ ಸಾಧನವನ್ನು ಜೊತೆಗೆ ಮಾರಲು ನೋಡಿದರೆ ಬೇಡ ಎನ್ನಲು ಹಿಂಜರಿಯಬೇಡಿ.

ಹೆಜ್ಜೆ 3: ಎಷ್ಟು ಕೆಜಿ?

ಕೆಜಿ ಎಂದರೆ ಒಣ ಬಟ್ಟೆಯ ತೂಕ, ಅದೂ ಕಾಟನ್ ಪ್ರೋಗ್ರಾಮ್‌ಗೆ ಮಾತ್ರ. ಸಿಂಥೆಟಿಕ್‌ಗೆ ಅದರ ಅರ್ಧ, ಹದಿನೈದು ನಿಮಿಷದ ಕ್ವಿಕ್ ವಾಷ್‌ಗೆ ಎರಡು ಕೆಜಿಯ ಹತ್ತಿರ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿಯಲ್ಲಿ ನಮ್ಮ ಮನೆಯ ಬಟ್ಟೆಗಳನ್ನು ಒಮ್ಮೆ ತೂಗಿದ್ದೆ: ಡಬಲ್ ಬೆಡ್‌ಶೀಟ್ 800 ಗ್ರಾಂ, ಜೀನ್ಸ್ 650, ಟರ್ಕಿ ಟವೆಲ್ 450, ಲುಂಗಿ 250, ಬೈರಾಸು 150ಕ್ಕೂ ಕಡಿಮೆ. ನಾಲ್ಕು ಜನರ ಎರಡು ದಿನದ ಬಟ್ಟೆ ಸೇರಿದರೂ ನಾಲ್ಕೂವರೆ ಕೆಜಿ ದಾಟಲಿಲ್ಲ.

ಹಾಗಾದರೆ ನಾಲ್ಕು ಜನರಿಗೆ 7 ಕೆಜಿ ಬೇಕಾದಷ್ಟಾಯಿತು. ಅತ್ತೆ ಮಾವ ಜೊತೆಗಿದ್ದರೆ, ದಪ್ಪ ಹೊದಿಕೆಗಳನ್ನು ಮನೆಯಲ್ಲೇ ಒಗೆಯುವುದಾದರೆ 8. ಇಬ್ಬರೇ ಇರುವವರಿಗೆ 6. "ಇರಲಿ, ದೊಡ್ಡದೇ ತಗೊಳ್ಳಿ" ಎಂದು 9-10 ಕೆಜಿ ಮಾರುವುದು ಈಗಿನ ರೂಢಿ. ಆದರೆ ಮಳೆಗಾಲದಲ್ಲಿ ನಾವು ಒಗೆಯುವುದು ದಿನಾ ಸ್ವಲ್ಪ ಸ್ವಲ್ಪ, ಒಣಗಿಸುವ ಜಾಗ ಅಷ್ಟೇ ಇರುವುದರಿಂದ. ಮೂರು ಲುಂಗಿಗೆ 10 ಕೆಜಿಯ ಡ್ರಮ್ ತಿರುಗಿಸುವುದು ಮದುವೆ ಕಡಾಯಿಯಲ್ಲಿ ಒಂದು ಲೋಟ ಚಹಾ ಕುದಿಸಿದ ಹಾಗೆ.

ಹೆಜ್ಜೆ 4: ಸ್ಪಿನ್. ಇಲ್ಲಿ ಚೌಕಾಸಿ ಬೇಡ

ಮಳೆಗಾಲದ ಮೆಷಿನ್‌ನ ಜೀವ ಇರುವುದು ಇಲ್ಲಿ. ಸ್ಪಿನ್ ವೇಗವನ್ನು, ಅಂದರೆ ಡ್ರಮ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು, ಆರ್‌ಪಿಎಂ ಎಂದು ಬರೆದಿರುತ್ತಾರೆ: 800, 1000, 1200, 1400. ನಾಲ್ಕು ಕೆಜಿ ಒಣ ಕಾಟನ್ ಬಟ್ಟೆಯನ್ನು ಒಗೆದು ಹಿಂಡಿದ ಮೇಲೆ ಅದರಲ್ಲಿ ಉಳಿಯುವ ನೀರು 800ರಲ್ಲಿ 2.8 ಲೀಟರ್‌ನಷ್ಟು, 1000ದಲ್ಲಿ 2.4, 1200ರಲ್ಲಿ 2.1, 1400ರಲ್ಲಿ 2 ಲೀಟರ್. ಮೆಷಿನ್‌ನಿಂದ ಮೆಷಿನ್‌ಗೆ ಸ್ವಲ್ಪ ಆಚೀಚೆ ಆದೀತು. ಕೈಯಲ್ಲಿ ಹಿಂಡಿದರೆ ನಾಲ್ಕು ಲೀಟರ್‌ಗೂ ಮೇಲೆ ಉಳಿಯುತ್ತದೆ.

ಡಿಸೆಂಬರ್‌ನಲ್ಲಿ ಈ ವ್ಯತ್ಯಾಸ ಏನೂ ಅಲ್ಲ, ಅಂಗಳದಲ್ಲಿ ಹರವಿದರೆ ಮಧ್ಯಾಹ್ನದ ಊಟದೊಳಗೆ ಗರಿಗರಿ. ಜುಲೈಯ ಕಥೆ ಬೇರೆ. ಗಾಳಿಯೇ ನೀರು ಕುಡಿದು ತೊಟ್ಟಿಕ್ಕುವಾಗ ಬಟ್ಟೆಯ ನೀರನ್ನು ಅದು ಎಲ್ಲಿಂದ ಎಳೆದುಕೊಳ್ಳಬೇಕು? ಮೆಷಿನ್ ತೆಗೆಯದೆ ಬಿಟ್ಟ ಪ್ರತಿ ಲೋಟ ನೀರೂ ನಿಮ್ಮ ಕೋಣೆಯ ಗೋಡೆಗೆ ಹೋಗುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಒಂದು ಲೀಟರ್ ನೀರನ್ನು ಆವಿ ಮಾಡಲು 0.6 ಯೂನಿಟ್‌ಗೂ ಹೆಚ್ಚು ಶಕ್ತಿ ಬೇಕು. ಅದೇ ನೀರನ್ನು ಡ್ರಮ್ ಹತ್ತು ನಿಮಿಷ ತಿರುಗಿ ಹೊರಗೆ ಎಸೆಯಲು ಬೇಕಾಗುವ ಕರೆಂಟ್ ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ನನ್ನ ತೀರ್ಮಾನ: 1200ಕ್ಕಿಂತ ಕೆಳಗೆ ಇಳಿಯಬೇಡಿ. 1400 ಸಿಕ್ಕಿದರೆ ಒಳ್ಳೆಯದು, ಆದರೆ ಅದೊಂದಕ್ಕಾಗಿ ಐದು ಸಾವಿರ ಹೆಚ್ಚು ಕೊಡುವಷ್ಟು ವ್ಯತ್ಯಾಸ ಇಲ್ಲ. ಅಂಕಿಗಳನ್ನೇ ನೋಡಿ, 800ರಿಂದ 1200ಕ್ಕೆ ಹೋದಾಗ ಮುಕ್ಕಾಲು ಲೀಟರ್ ಹತ್ತಿರ ಉಳಿತಾಯ, ಅಲ್ಲಿಂದ 1400ಕ್ಕೆ ಅರ್ಧ ಲೋಟ. ಒಂದು ಎಚ್ಚರಿಕೆ: ಮುಂದುಗಡೆ 1200 ಎಂದು ಅಂಟಿಸಿದ್ದರೂ ಆ ವೇಗ ಕಾಟನ್‌ಗೆ ಮಾತ್ರ. ಮಿಕ್ಸ್, ಸಿಂಥೆಟಿಕ್ ಪ್ರೋಗ್ರಾಮ್‌ಗಳಲ್ಲಿ ಅದು ತಾನಾಗಿ 800ಕ್ಕೋ 1000ಕ್ಕೋ ಇಳಿದಿರುತ್ತದೆ. ಪ್ರೋಗ್ರಾಮ್ ಹಾಕಿದ ಮೇಲೆ ಸ್ಪಿನ್ ಗುಂಡಿ ಒತ್ತಿ ಏರಿಸಲು ಬರುತ್ತದೆಯೇ, ಬರೀ ಸ್ಪಿನ್ ಮಾತ್ರ ಬೇರೆಯಾಗಿ ಓಡಿಸಬಹುದೇ ಎಂದು ಅಂಗಡಿಯಲ್ಲೇ ಪ್ಲಗ್ ಹಾಕಿಸಿ ನೋಡಿ. ಆಟಿಯಲ್ಲಿ ನಾನು ಒಗೆತ ಮುಗಿದ ಮೇಲೆ ಇನ್ನೊಮ್ಮೆ ಸ್ಪಿನ್ ಹಾಕುತ್ತೇನೆ. ಬಟ್ಟೆ ಮುಟ್ಟಿದರೆ ತಂಪು ಎನಿಸಬೇಕು, ಒದ್ದೆ ಎನಿಸಬಾರದು. ಕಾಟನ್ ಸೀರೆ ಇದ್ದ ದಿನ ಮಾತ್ರ 800, ಇಲ್ಲದಿದ್ದರೆ ಸುಕ್ಕು ಇಸ್ತ್ರಿಗೂ ಬಗ್ಗುವುದಿಲ್ಲ.

ಇನ್ನೊಂದು ವಿಷಯ. ಒಂದೇ ಒಂದು ದಪ್ಪ ಟವೆಲ್ ಹಾಕಿದರೆ ಮೆಷಿನ್ ಪೂರ್ತಿ ವೇಗಕ್ಕೆ ಹೋಗುವುದಿಲ್ಲ. ಭಾರ ಒಂದೇ ಬದಿಗೆ ಬಿದ್ದು ಬ್ಯಾಲೆನ್ಸ್ ತಪ್ಪುವುದರಿಂದ ತಿರುಗಲು ನೋಡುತ್ತದೆ, ನಿಲ್ಲಿಸುತ್ತದೆ, ಮತ್ತೆ ನೋಡುತ್ತದೆ. ಜೊತೆಗೆ ನಾಲ್ಕು ಬಟ್ಟೆ ಸೇರಿಸಿದರೆ ಸರಿಯಾಗುತ್ತದೆ. ಇದಕ್ಕಾಗಿ ಮೆಕ್ಯಾನಿಕ್‌ನನ್ನು ಕರೆಸಿ ಹಣ ಕೊಟ್ಟವರನ್ನು ನಾನು ಬಲ್ಲೆ.

ಹೆಜ್ಜೆ 5: ಸ್ಟಾರ್ ಲೇಬಲ್‌ನ ಕೆಳಗಿನ ಸಾಲು ಓದಿ

ಬಿಇಇ (ಕರೆಂಟ್ ಉಳಿತಾಯಕ್ಕೆ ಸ್ಟಾರ್ ಕೊಡುವ ಸರಕಾರಿ ಸಂಸ್ಥೆ) ಲೇಬಲ್‌ನಲ್ಲಿ ನಕ್ಷತ್ರ ಎಣಿಸಿ ಮುಂದೆ ಹೋಗಬೇಡಿ. ಕೆಳಗೆ ಎರಡು ಅಂಕಿ ಇರುತ್ತವೆ, ಒಂದು ಕೆಜಿ ಬಟ್ಟೆಗೆ ಒಂದು ಸರ್ತಿಗೆ ಎಷ್ಟು ಯೂನಿಟ್ ಕರೆಂಟ್, ಎಷ್ಟು ಲೀಟರ್ ನೀರು ಎಂದು. ಕೆಜಿಗೆ 8 ಲೀಟರ್ ಎಂದಿದ್ದರೆ 7 ಕೆಜಿಗೆ 56 ಲೀಟರ್ ಆಯಿತು. ಎರಡೂ 5 ಸ್ಟಾರ್ ಆಗಿದ್ದಾಗ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಆದರೂ ಬಿಲ್ ತೀರ್ಮಾನವಾಗುವುದು ನೀವು ಯಾವ ಬಿಸಿಗೆ ಒಗೆಯುತ್ತೀರಿ ಎನ್ನುವುದರ ಮೇಲೆ. ನಮ್ಮ ಟ್ಯಾಂಕಿನ ನೀರು ವರ್ಷದ ಹೆಚ್ಚಿನ ದಿನ 27-28 ಡಿಗ್ರಿ ಇರುತ್ತದೆ, ಚಳಿ ದೇಶದವರು ಬಿಸಿ ಮಾಡಿ ಪಡೆಯುವ 30 ಡಿಗ್ರಿ ನಮಗೆ ನಲ್ಲಿಯಲ್ಲೇ ಬರುತ್ತದೆ. 15 ಲೀಟರ್ ನೀರನ್ನು 28ರಿಂದ 40ಕ್ಕೆ ಏರಿಸಲು 0.2 ಯೂನಿಟ್ ಸಾಕು, 60ಕ್ಕೆ ಏರಿಸಲು 0.56 ಬೇಕು. ಡ್ರಮ್ ತಿರುಗಿಸುವ ಖರ್ಚು ಇದರ ಮೇಲೆ ಸ್ವಲ್ಪ. ತಿಂಗಳಿಗೆ 25 ಸಲ ಒಗೆದರೆ ತಣ್ಣೀರಿನಲ್ಲಿ ಐದಾರು ಯೂನಿಟ್, 60 ಡಿಗ್ರಿಯಲ್ಲಿ ಇಪ್ಪತ್ತರ ಹತ್ತಿರ. ಗೃಹಜ್ಯೋತಿಯ 200 ಯೂನಿಟ್‌ನ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಗೆರೆ ದಾಟಿದರೆ ಆ ತಿಂಗಳ ಮೆಸ್ಕಾಂ ಬಿಲ್ ಪೂರ್ತಿ ಕೈಯಿಂದ. ದಿನದ ಬಟ್ಟೆಗೆ ತಣ್ಣೀರು, ಬೆವರು ಹಿಡಿದ ಬನಿಯನ್-ಬೆಡ್‌ಶೀಟ್‌ಗೆ 40, ಮಗುವಿನ ಬಟ್ಟೆ ಅಥವಾ ಜ್ವರ ಬಂದವರ ಹಾಸಿಗೆಗೆ 60. ತಣ್ಣೀರಿನ ಆಯ್ಕೆ ಎಲ್ಲ ಮುಖ್ಯ ಪ್ರೋಗ್ರಾಮ್‌ಗಳಲ್ಲೂ ಇರುವ ಮಾಡೆಲ್ ನೋಡಿ. ಕೆಲವದರಲ್ಲಿ ಕಾಟನ್ ಎಂದರೆ 40 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ.

ಹೆಜ್ಜೆ 6: ಬೇಕಾದ್ದು, ಬೇಡದ್ದು

ಇನ್ವರ್ಟರ್ ಮೋಟರ್ ತಗೊಳ್ಳಿ, ಕರೆಂಟ್ ಉಳಿತಾಯದ ಜೊತೆಗೆ ಸದ್ದೂ ಕಡಿಮೆ. ಪಕ್ಕದ ಮನೆಯ ಅಕ್ಕ "ಇನ್ವರ್ಟರ್ ಉಂಟಲ್ಲ, ಕರೆಂಟ್ ಹೋದ್ರೂ ಓಡ್ತದಲ್ಲ?" ಎಂದು ಕೇಳಿದ್ದರು. ಇಲ್ಲ, ಅದು ಮೋಟರಿನ ವೇಗವನ್ನು ಹಿಡಿತದಲ್ಲಿಡುವ ವ್ಯವಸ್ಥೆಯ ಹೆಸರು, ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ಬೆಲ್ಟ್ ಇದ್ದದ್ದೋ ಡೈರೆಕ್ಟ್ ಡ್ರೈವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಚೈಲ್ಡ್ ಲಾಕ್ ಇರಲಿ. ಕರೆಂಟ್ ಹೋಗಿ ಬಂದಾಗ ನಿಂತಲ್ಲಿಂದಲೇ ಮುಂದುವರಿಯುವ ಗುಣ ಖಂಡಿತ ಬೇಕು.

ವೈಫೈ, ಆ್ಯಪ್, ಎಐ ಎಂದೆಲ್ಲ ಬರೆದಿರುವುದಕ್ಕೆ ದುಡ್ಡು ಕೊಡುವುದು ನಿಮ್ಮಿಷ್ಟ. ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಆ್ಯಪ್ ಬರುವವರೆಗೆ ನಾನು ಕಾಯುತ್ತೇನೆ.

ಒಗೆದು ಒಣಗಿಸುವ ಎರಡೂ ಕೆಲಸದ ವಾಷರ್-ಡ್ರೈಯರ್ ಬಗ್ಗೆ ಮಳೆನಾಡಿನವರಿಗೆ ಆಸೆ ಸಹಜ. ನಾನು ಎರಡು ಕಾರಣಕ್ಕೆ ಬೇಡ ಎನ್ನುತ್ತೇನೆ. 8 ಕೆಜಿ ಒಗೆದರೆ ಒಣಗಿಸುವುದು ಐದು ಕೆಜಿಯಷ್ಟು ಮಾತ್ರ, ಉಳಿದದ್ದನ್ನು ಒದ್ದೆಯಾಗಿಯೇ ಹೊರಗೆ ತೆಗೆಯಬೇಕು. ಇನ್ನು, ಆವಿಯನ್ನು ತಣ್ಣಗೆ ಮಾಡಲು ಬಹಳಷ್ಟು ಮಾಡೆಲ್‌ಗಳು ಒಣಗಿಸುವಾಗಲೂ ನೀರು ಬಳಸುತ್ತವೆ, ಕರೆಂಟಂತೂ ಒಗೆತಕ್ಕಿಂತ ಹಲವು ಪಟ್ಟು. ಪುಟ್ಟ ಮಗು, ಹಾಸಿಗೆ ಹಿಡಿದ ಹಿರಿಯರು ಇರುವ, ಬಾಲ್ಕನಿ ಇಲ್ಲದ ಫ್ಲ್ಯಾಟ್‌ನವರ ಕಷ್ಟ ಬೇರೆ. ಅವರು ಕೈ ಸಾಗಿದರೆ ಹೀಟ್ ಪಂಪ್ ಡ್ರೈಯರ್ ಬೇರೆಯಾಗಿ ತೆಗೆದುಕೊಳ್ಳಲಿ, ಕರೆಂಟ್ ಕಡಿಮೆ ತಿನ್ನುವುದು ಅದೇ. ಉಳಿದವರಿಗೆ 1200ರ ಸ್ಪಿನ್, ಫ್ಯಾನಿನ ಕೆಳಗೊಂದು ಸ್ಟ್ಯಾಂಡ್, ಸ್ವಲ್ಪ ತೆರೆದ ಕಿಟಕಿ ಸಾಕು.

ಹೆಜ್ಜೆ 7: ಬೆಲೆಗಿಂತ ಮೊದಲು ರಿಪೇರಿ ಬಗ್ಗೆ ಕೇಳಿ

"ಮೋಟರ್‌ಗೆ 10 ವರ್ಷ ವಾರಂಟಿ" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಮೋಟರ್ ಅಷ್ಟು ಬೇಗ ಹಾಳಾಗುವ ವಸ್ತುವೇ ಅಲ್ಲ. ಕೈ ಕೊಡುವುದು ಬೋರ್ಡ್, ಬೇರಿಂಗ್, ಡ್ರೈನ್ ಪಂಪ್, ಡೋರಿನ ರಬ್ಬರ್. ಅವಕ್ಕೆ ಎಷ್ಟು ವರ್ಷ ಎಂದು ಕೇಳಿ. ಹೊರಗಿನ ಟಬ್ ಬಿಚ್ಚಲು ಬರುತ್ತದೋ ಅಂಟಿಸಿ ಮುಚ್ಚಿದ್ದೋ ಎಂದೂ ಕೇಳಿ. ಮುಚ್ಚಿದ್ದಾದರೆ ಬೇರಿಂಗ್ ಹೋದಾಗ ಇಡೀ ಟಬ್ಬನ್ನೇ ಬದಲಿಸಬೇಕಾಗುತ್ತದೆ.

ತುಕ್ಕು ಮತ್ತು ಇಲಿ ಕಡಿತ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ, ನಮ್ಮಲ್ಲಿ ಮೆಷಿನ್ ಸಾಯುವುದು ಹೆಚ್ಚಾಗಿ ಈ ಎರಡರಿಂದಲೇ. ತಳ ಪೂರ್ತಿ ಮುಚ್ಚಿದೆಯೇ ಎಂದು ಅಂಗಡಿಯಲ್ಲಿ ಬಗ್ಗಿ ನೋಡಿ. ತೆರೆದಿದ್ದರೆ ಇಲಿ ನುಗ್ಗದ ಹಾಗೆ ಜಾಲರಿ ಹಾಕಿಸಿಕೊಳ್ಳಿ. ಮಳೆ ಹಿಡಿದ ಮೊದಲ ವಾರ ಹೊಲದ ಇಲಿಗೆ ಬೆಚ್ಚಗಿನ ಜಾಗ ಬೇಕಾಗುತ್ತದೆ, ವಯರಿನ ರುಚಿಯೂ ಅದಕ್ಕೆ ಗೊತ್ತು.

ಬ್ರ್ಯಾಂಡ್ ಯಾವುದು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಬಾಷ್, ಎಲ್‌ಜಿ, ಸ್ಯಾಮ್‌ಸಂಗ್, ಐಎಫ್‌ಬಿ ಯಾವುದೇ ಇರಲಿ, ನಿಮ್ಮ ಊರಿಗೆ ಸರ್ವಿಸ್‌ನವರು ಎಷ್ಟು ದಿನದಲ್ಲಿ ಬರುತ್ತಾರೆ ಎಂದು ಅದೇ ಬೀದಿಯಲ್ಲಿ ಆ ಮೆಷಿನ್ ಇರುವವರನ್ನು ವಿಚಾರಿಸಿ. ಮಂಗಳೂರಿನ ಬಿಜೈಯಲ್ಲಿ ಮರುದಿನ ಬರುವವರು ಬ್ರಹ್ಮಾವರದ ಒಳಗಿನ ಹಳ್ಳಿಗೂ ಹಾಗೆಯೇ ಬರಬೇಕೆಂದಿಲ್ಲ.

ಬೆಲೆ ಮಾತಾಡುವಾಗ "ಜಿಎಸ್‌ಟಿ ಇಳಿದಿದೆ, ಅದಕ್ಕೇ ಈ ರೇಟು" ಎಂದರೆ ನಗುತ್ತಾ ಕೇಳಿಸಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಇಳಿದದ್ದು ಎಸಿ, ದೊಡ್ಡ ಟಿವಿ, ಡಿಶ್‌ವಾಷರ್‌ಗಳದ್ದು. ವಾಷಿಂಗ್ ಮೆಷಿನ್‌ಗೆ 2018ರ ಜುಲೈಯಿಂದಲೇ ಶೇ. 18.

ಹೆಜ್ಜೆ 8: ಮನೆಗೆ ಬಂದ ದಿನ

ನಮ್ಮ ಮೊದಲ ಮೆಷಿನ್ ಕೂರಿಸಲು ಬಂದ ಹುಡುಗ ಅವಸರದಲ್ಲಿದ್ದ. ಪೈಪ್ ಸಿಕ್ಕಿಸಿ, ಪ್ಲಗ್ ಹಾಕಿ, ಸಹಿ ತೆಗೆದುಕೊಂಡು ಹೋದ. ಮೊದಲ ಸ್ಪಿನ್‌ಗೆ ಮೆಷಿನ್ ಕಂಬಳದ ಕೋಣದ ಹಾಗೆ ಬಚ್ಚಲಿನಿಂದ ಅಡುಗೆಮನೆಯ ಕಡೆ ಹೊರಟಿತು. ಅಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು "ಪ್ಲಗ್ ತೆಗೆಯಾ, ಪ್ಲಗ್!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸಾಗಿಸುವಾಗ ಡ್ರಮ್ ಅಲುಗಾಡದಿರಲೆಂದು ಹಿಂಬದಿಯಲ್ಲಿ ಹಾಕಿರುವ ಉದ್ದದ ಬೋಲ್ಟ್‌ಗಳನ್ನು ಅವನು ಬಿಚ್ಚಿಯೇ ಇರಲಿಲ್ಲ. ಮೂರೋ ನಾಲ್ಕೋ ಇರುತ್ತವೆ. ಬಿಚ್ಚಿಸಿ ನಿಮ್ಮ ಕೈಗೆ ಎಣಿಸಿ ತೆಗೆದುಕೊಳ್ಳಿ, ಮನೆ ಬದಲಿಸುವಾಗ ಮತ್ತೆ ಬೇಕು.

ಆಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಕಾಲುಗಳನ್ನು ಸಮ ಮಾಡಿಸಿ. ಚಕ್ರದ ಸ್ಟ್ಯಾಂಡ್ ಬೇಡವೇ ಬೇಡ. ಹೊಲಸು ನೀರಿನ ಪೈಪನ್ನು ನೆಲದ ಮೇಲೆ ಹಾಗೆಯೇ ಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ತುಂಬುತ್ತಿರುವ ನೀರು ಹಾಗೆಯೇ ಹೊರಗೆ ಹರಿದುಹೋಗಿ ಮೆಷಿನ್ ತುಂಬಿಸುತ್ತಲೇ ಇರುತ್ತದೆ. ಪೈಪ್ ಒಮ್ಮೆ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಕೆಳಗಿಳಿಯಬೇಕು. ಆ ನೀರನ್ನು ತೆಂಗಿನ ಬುಡಕ್ಕೆ ಬಿಡುವುದಾದರೆ ಅಲ್ಲಿಂದ ಮುಂದೆ ಇಳಿಜಾರು ಕೊಡಿ, ಒಳಗಿನ ಪುಟ್ಟ ಪಂಪ್‌ಗೆ ಅದಕ್ಕಿಂತ ಎತ್ತರಕ್ಕೆ ತಳ್ಳುವ ಶಕ್ತಿ ಇಲ್ಲ.

ಗುಡುಗು-ಸಿಡಿಲಿನ ಏಪ್ರಿಲ್-ಮೇ, ಅಕ್ಟೋಬರ್ ಸಂಜೆಗಳಲ್ಲಿ ಪ್ಲಗ್ ಹೊರಗಿರಲಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಹೆಜ್ಜೆ 9: ಮೊದಲ ತಿಂಗಳಲ್ಲೇ ರೂಢಿ ಮಾಡಿಕೊಳ್ಳುವುದು

ಫ್ರಂಟ್ ಲೋಡ್ ಎಂದು ಬರೆದಿರುವ ಲಿಕ್ವಿಡ್ ಅಥವಾ ಪೌಡರ್ ಮಾತ್ರ ಹಾಕಿ, ಮಾಮೂಲಿ ಪೌಡರ್‌ನ ನೊರೆಗೆ ಮೆಷಿನ್ ಉಸಿರುಗಟ್ಟುತ್ತದೆ. ಪ್ಯಾಕೆಟ್‌ನಲ್ಲಿ ಹೇಳಿದ್ದರ ಅರ್ಧದಿಂದ ಶುರು ಮಾಡಿ, ನಮ್ಮ ಮೆದು ನೀರಿಗೆ ಅಷ್ಟು ಸಾಕಾಗುತ್ತದೆ. ಕೊನೆಯ ನೀರಿನಲ್ಲೂ ಗಾಜಿನ ಮೇಲೆ ನೊರೆ ಕಂಡರೆ ಇನ್ನೂ ಕಡಿಮೆ ಮಾಡಿ. ಬಾಳೆ ಕಲೆ, ಗೇರುಹಣ್ಣಿನ ಕಲೆ ತೆಗೆಯುವ ಮೆಷಿನ್ ಇನ್ನೂ ಬಂದಿಲ್ಲ, ತೋಟಕ್ಕೆ ಹೋಗುವ ಬಟ್ಟೆ ಬೇರೆ ಇಟ್ಟುಕೊಳ್ಳಿ.

ಒಗೆದಾದ ಮೇಲೆ ಬಟ್ಟೆಯನ್ನು ಒಳಗೆ ಬಿಡಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವವರು ಡಿಲೇ ಸ್ಟಾರ್ಟ್ ಇಟ್ಟು ಬೆಳಿಗ್ಗೆ ಆರಕ್ಕೆ ಮುಗಿಯುವ ಹಾಗೆ ಮಾಡಿ. ಡೋರಿನ ರಬ್ಬರ್ ಮಡಿಕೆಯನ್ನು ಬೆರಳಿನಲ್ಲಿ ಬಿಡಿಸಿ ಹಳೆ ಬೈರಾಸಿನಿಂದ ಒರೆಸಿ. ನೀರು, ಕೂದಲು, ಕಿಸೆಯ ಚಿಲ್ಲರೆ ಎಲ್ಲ ಅಲ್ಲಿಯೇ ಕೂತಿರುತ್ತದೆ, ಬೂಷ್ಟು ಶುರುವಾಗುವುದೂ ಅಲ್ಲಿಂದಲೇ. ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ 60 ಡಿಗ್ರಿ ಅಥವಾ ಡ್ರಮ್ ಕ್ಲೀನ್ ಓಡಿಸಿ, ಅದೇ ದಿನ ಕೆಳಗಿನ ಫಿಲ್ಟರ್ ಬಿಚ್ಚಿ ತೊಳೆಯಿರಿ. ನೀರು ಒಳಗೆ ಬರುವ ಪೈಪಿನ ಬಾಯಲ್ಲಿ ಸಣ್ಣ ಜಾಲರಿ ಉಂಟು, ಮಳೆಗಾಲದ ಕೆಂಪು ನೀರಿಗೆ ಅದು ಬೇಗ ಕಟ್ಟುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಸಾಕು.

ಸೋಪಿನ ಡಬ್ಬ ಮತ್ತು ಡೋರ್ ಎರಡನ್ನೂ ಸ್ವಲ್ಪ ತೆರೆದೇ ಇಡಿ, ಮಕ್ಕಳಿದ್ದ ಮನೆಯಲ್ಲಿ ಎರಡು ಬೆರಳು ತೂರುವಷ್ಟು ಮಾತ್ರ. ಹಾಗೆ ತೆರೆದಿಟ್ಟವರು ಬಟ್ಟೆ ಹಾಕುವ ಮೊದಲು ಡ್ರಮ್ಮಿನೊಳಗೆ ಒಮ್ಮೆ ಕೈಯಾಡಿಸಿ. ಮಳೆ ಜೋರಾದ ದಿನ ನಮ್ಮ ಬೆಕ್ಕು ಎರಡು ಸಲ ಅಲ್ಲಿಯೇ ಮಲಗಿ ಸಿಕ್ಕಿದೆ.